ಎದುರಾಳಿಗೇ ಕುದುರೆ ಕೊಟ್ಟು ಆಡುವ ಆಟ

ಪೋಲೋ ಅಂದರೆ ನಿಮಗೆ ಏನು ನೆನಪಾಗುತ್ತದೋ ಕಾಣೆ. ನನಗಂತೂ ಬಹಳ ಕಾಲ ನೆನಪಾಗುತ್ತಿದ್ದದ್ದು ನಡುವೆ ತೂತಿರುವ ಬಿಳೀ ಪೆಪ್ಪರಮಿಂಟು! ಅದು ಬಿಟ್ಟರೆ ರಾಜಮಹಾರಾಜರು. ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು ಪೋಲೋ ಆಡುತ್ತಿದ್ದರೆಂದು ನಮ್ಮ ತಾತ ಹೇಳುವಾಗ, ಅದು ಅರಮನೆಯವರ ಆಟ, ನಮ್ಮಂಥವರು ದಸರಾ ಮೆರವಣಿಗೆಯಲ್ಲಿ ಕುದುರೆ ಪೊಲೀಸರನ್ನು ನೋಡಿ ತೃಪ್ತಿಪಟ್ಟರೆ ಸಾಕು ಅಂದುಕೊಂಡಿದ್ದೆ. ಆ ಆಟವನ್ನು ನಮ್ಮ ಹಾಗೇ ಬೆಳಿಗ್ಗೆ ಎದ್ದು ಒಲೆ ಹಚ್ಚಿ, ಅನ್ನ ಬೇಯಿಸಿಟ್ಟು ಬರುವ ಹೆಣ್ಣುಮಕ್ಕಳು ಆಡುತ್ತಾರೆ, ಅದೂ ಅಮೆರಿಕಾದಿಂದ ಬಂದವರ ಎದುರಿಗೆ ಆಡುತ್ತಾರೆ ಅಂತ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಕಣ್ಣಾರೆ ನೋಡಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ತಂಗಿಯ ಯಜಮಾನರಿಗೆ ಆಗ ಮಣಿಪುರದ ಇಂಫಾಲದಲ್ಲಿ ಕೆಲಸ. "ಅಕ್ಕಾ, ಒಂದು ಸಲವಾದರೂ ಬಾ, ಇಲ್ಲಿ ಹೆಂಗಸರದೇ ರಾಜ್ಯ" ಅಂತ ಎರಡು ವರ್ಷದಿಂದ ಕರೆಯುತ್ತಲೇ ಇದ್ದಳು. 2016ರ ಜನವರಿಗೆ ಹೊರಡುವುದೆಂದು ನಿಶ್ಚಯವಾಗಿ ಟಿಕೆಟ್ಟೂ ಆಯಿತು. ಅಷ್ಟರಲ್ಲಿ ಜನವರಿ 4ರ ಬೆಳಗಿನ ಜಾವ ಅಲ್ಲಿ ಭಾರೀ ಭೂಕಂಪ. ನಮ್ಮ ಮನೆಯವರು ಟಿ.ವಿ. ಮುಂದೆ ಕೂತು, "ಬೇಕಾ ಇದೆಲ್ಲ?" ಅಂದರು. ತಂಗಿ ಮಾತ್ರ ಫೋನಿನಲ್ಲಿ, "ಗೋಡೆ ಒಂದೆರಡು ಕಡೆ ಸೀಳಿದೆ ಅಷ್ಟೆ, ಅಡಿಗೆಮನೆ ಗಟ್ಟಿಯಾಗಿದೆ, ಬಾ" ಅಂದಳು. ಅಡಿಗೆಮನೆ ಗಟ್ಟಿಯಾಗಿದ್ದರೆ ಇನ್ನೇನು ಬೇಕು! ರೈಲಿನಲ್ಲಿ ಗುವಾಹಟಿಯವರೆಗೆ, ಅಲ್ಲಿಂದ ವಿಮಾನದಲ್ಲಿ ಇಂಫಾಲಕ್ಕೆ ಹೋಗಿ ಇಳಿದೆವು.

ತಂಗಿ ಹೇಳಿದ ಹೆಂಗಸರ ರಾಜ್ಯವೆಂದರೆ ಅಲ್ಲಿಯ ಇಮಾ ಕೈಥೆಲ್. ಇಮಾ ಅಂದರೆ ತಾಯಿ, ಕೈಥೆಲ್ ಅಂದರೆ ಸಂತೆ. ಸಾವಿರಾರು ಅಂಗಡಿ, ಕೂತು ಮಾರುವವರೆಲ್ಲ ಹೆಂಗಸರೇ. ಗಂಡಸರಿಗೆ ಅಲ್ಲಿ ಮೂಟೆ ಹೊರುವ ಕೆಲಸ, ಇಲ್ಲವೇ ಕೊಳ್ಳುವ ಕೆಲಸ. ಭೂಕಂಪದಿಂದ ಸಂತೆಯ ಕಟ್ಟಡ ಬಿರುಕು ಬಿಟ್ಟಿತ್ತು. ಆದರೂ ಆ ತಾಯಂದಿರು ಹೊರಗೆ ರಸ್ತೆ ಬದಿಯಲ್ಲೇ ಚಾಪೆ ಹಾಸಿ, ತಾವರೆ ದಂಟು, ಒಣಮೀನು, ನೇಯ್ದ ಬಟ್ಟೆ ಎಲ್ಲ ಹರಡಿಕೊಂಡು ಕೂತಿದ್ದರು. ನೆಲ ನಡುಗಿ ಎರಡು ವಾರವೂ ಆಗಿರಲಿಲ್ಲ.

ಪೋಲೋ ಮೈದಾನ ಆ ಸಂತೆಯಿಂದ ನಡೆದು ಹೋಗುವಷ್ಟೇ ದೂರ. ಹೆಸರು ಮಾಪಾಲ್ ಕಾಂಗ್ಜೈಬುಂಗ್. ನಾಲಿಗೆ ಹೊರಳಿಸಿಕೊಳ್ಳಲು ನನಗೆ ಎರಡು ದಿನ ಬೇಕಾಯಿತು. ಈಗಲೂ ಆಟ ನಡೆಯುತ್ತಿರುವ ಪೋಲೋ ಮೈದಾನಗಳಲ್ಲಿ ಪ್ರಪಂಚದಲ್ಲೇ ಅತಿ ಹಳೆಯದು ಇದು ಅನ್ನುತ್ತಾರೆ. ನಮ್ಮಲ್ಲಿ ಅಂಥದ್ದೇನಾದರೂ ಇದ್ದಿದ್ದರೆ ಸುತ್ತ ಬೇಲಿ ಹಾಕಿ, ಟಿಕೆಟ್ಟು ಇಟ್ಟು, ಒಳಗೆ ಯಾರೂ ಕಾಲಿಡದ ಹಾಗೆ ಮಾಡುತ್ತಿದ್ದೆವೋ ಏನೋ. ಅಲ್ಲಿ ಊರಿನ ನಟ್ಟನಡುವೆ, ಬಸ್ಸು ಆಟೋಗಳ ಗಲಾಟೆಯ ಪಕ್ಕದಲ್ಲೇ, ಮುದುಕರು ಬಿಸಿಲು ಕಾಯಿಸಿಕೊಳ್ಳುತ್ತ ಕೂತಿರುತ್ತಾರೆ.

ಜನವರಿ 21 ಮಣಿಪುರ ರಾಜ್ಯವಾದ ದಿನ. 1972ರಲ್ಲಿ ಅದಕ್ಕೆ ಪೂರ್ಣ ರಾಜ್ಯದ ಪಟ್ಟ ಸಿಕ್ಕಿತು. ಆ ನೆನಪಿನಲ್ಲಿ 2016ರಲ್ಲಿ ಮೊದಲ ಸಲ ಹೆಂಗಸರಿಗಾಗಿಯೇ ಪೋಲೋ ಪಂದ್ಯಗಳನ್ನು ಇಟ್ಟರು. ಅಮೆರಿಕಾದ ಪೋಲೋ ಸಂಘದ ಕಡೆಯಿಂದ ಹೆಂಗಸರ ತಂಡವೊಂದು ಬಂದಿತ್ತು. ಮಣಿಪುರದ ಹುಡುಗಿಯರ ತಂಡಗಳು ಎದುರಿಗೆ. ಎರಡು ದೇಶಗಳ ಬಾವುಟ ಪಕ್ಕಪಕ್ಕದಲ್ಲಿ ಹಾರುತ್ತಿದ್ದವು. ನಾನು ನೋಡಿದ್ದು ಆ ವಾರದ ಒಂದು ದಿನದ ಆಟ.

ನಾಲ್ಕಡಿ ಎತ್ತರದ ಕುದುರೆ

ತಂಗಿಯ ಪಕ್ಕದ ಮನೆಯಾಕೆ ನಮ್ಮ ಜೊತೆ ಬಂದಿದ್ದರು. ತಂಗಿ ಅವರನ್ನು "ಇಚೆ" ಅಂತ ಕರೆಯುತ್ತಾಳೆ, ಹಾಗಂದರೆ ಅಕ್ಕ. ಗೆರೆಗೆರೆಯ ಫನೆಕ್ ಸೊಂಟಕ್ಕೆ ಸುತ್ತಿ, ಮೇಲೆ ತೆಳುವಾದ ಇನ್ನಫಿ ಹೊದ್ದು, ಬುಟ್ಟಿಯಲ್ಲಿ ಹುರಿದ ಕಡಲೆ ಹಿಡಿದುಕೊಂಡು, ಮೊಮ್ಮಗಳ ಹಾಡಿನ ಸ್ಪರ್ಧೆಗೆ ಹೊರಟ ಅಜ್ಜಿಯ ಹಾಗೆ ಬಂದರು. ನನ್ನ ಹಿಂದಿ, ಅವರ ಹಿಂದಿ ಎರಡೂ ಒಂದೇ ದರ್ಜೆಯವು. ಅದಕ್ಕೇ ಚೆನ್ನಾಗಿ ಹೊಂದಿಕೊಂಡೆವು.

ಕುದುರೆಗಳನ್ನು ನೋಡಿದ ಕೂಡಲೆ ನನಗೆ ನಗು ಬಂತು. ನಿಜ ಹೇಳಬೇಕು. ಇವೇನು ಕುದುರೆಯೋ ಮರಿಯೋ? ಹತ್ತಿರ ಹೋಗಿ ನಿಂತರೆ ಬೆನ್ನು ನನ್ನ ಎದೆಮಟ್ಟಕ್ಕೆ ಬರುತ್ತಿತ್ತು. ನಾನೇನು ಎತ್ತರದವಳಲ್ಲ ಎಂದು ನನ್ನನ್ನು ಕಂಡವರಿಗೆ ಗೊತ್ತು. ಮಣಿಪುರದ ತಟ್ಟು ಅನ್ನುವ ಈ ತಳಿ ಭುಜದ ಹತ್ತಿರ 11ರಿಂದ 13 ಗೇಣಳತೆ. ಕುದುರೆಯವರ ಈ ಅಳತೆ ನಮ್ಮ ಗೇಣಲ್ಲ, ಒಂದಕ್ಕೆ ನಾಲ್ಕು ಅಂಗುಲ. ಅಂದರೆ ಸುಮಾರು ನಾಲ್ಕಡಿ. ಅಮೆರಿಕಾದಲ್ಲಿ ಪೋಲೋಕ್ಕೆ ಬಳಸುವ ಕುದುರೆಗಳು ಐದಡಿಯ ಆಜುಬಾಜು. ಅವುಗಳ ಮೇಲೆ ಆಡಿ ಬೆಳೆದ ಹುಡುಗಿಯರು ಈ ಪುಟ್ಟ ಪ್ರಾಣಿಯ ಮೇಲೆ ಕೂತಾಗ ಕಾಲು ಎಲ್ಲಿಡಬೇಕೆಂದು ತೋಚದೆ ಪೇಚಾಡುತ್ತಿದ್ದರು. ಕುದುರೆ ಗಿಡ್ಡವಾದರೆ ಕೋಲೂ ಗಿಡ್ಡ ಬೇಕು. ಆಮೇಲೆ ಕೈಯ ಲೆಕ್ಕಾಚಾರವೇ ಬದಲಾಗುತ್ತದೆ. ನಮ್ಮ ಮನೆಯ ಒರಳಿಗೆ ಒಗ್ಗಿದ ಕೈ ಬೇರೆಯವರ ಮನೆಯ ಒರಳಲ್ಲಿ ತಡವರಿಸುವುದಿಲ್ಲವೇ, ಹಾಗೆ.

ಆಟ ಶುರುವಾದ ಮೇಲೆ ನನ್ನ ನಗು ನಿಂತಿತು. ಆ ತಟ್ಟುಗಳು ಓಡುವುದೇನು, ಗಕ್ಕನೆ ನಿಲ್ಲುವುದೇನು, ನಿಂತಲ್ಲೇ ತಿರುಗುವುದೇನು! ಬಾಲ ಎತ್ತಿ ಕಟ್ಟಿ, ಕಿವಿ ಹಿಂದಕ್ಕೆ ಮಡಿಸಿ, ಚೆಂಡು ಎತ್ತ ಹೋಯಿತೆಂದು ಹುಡುಗಿಗಿಂತ ಮೊದಲು ಕುದುರೆಗೇ ಗೊತ್ತಾಗುತ್ತಿತ್ತು. ನೆಲಕ್ಕೆ ಗೊರಸು ಬಡಿಯುವ ಸದ್ದು ನಾವು ಕೂತ ಕಟ್ಟೆಗೂ ಬರುತ್ತಿತ್ತು. ಭೂಕಂಪದ ನೆನಪಿನಲ್ಲಿದ್ದ ತಂಗಿ ಒಂದೆರಡು ಸಲ ನನ್ನ ಕೈ ಹಿಡಿದುಕೊಂಡಳು.

ಆಟದ ಕ್ರಮ ತಿಳಿಯದವರಿಗಾಗಿ ಎರಡು ಮಾತು. ಒಂದೊಂದು ಕಡೆಗೆ ನಾಲ್ವರು. ಕೈಯಲ್ಲಿ ಉದ್ದನೆಯ ಕೋಲು, ಅದರ ತುದಿಗೆ ಅಡ್ಡವಾಗಿ ಒಂದು ಮರದ ತುಂಡು. ಕೋಲನ್ನು ಬಲಗೈಯಲ್ಲೇ ಹಿಡಿಯಬೇಕು, ಎಡಚರಿಗೂ ಬೇರೆ ದಾರಿಯಿಲ್ಲ. ಎಡಗೈಗೆ ಲಗಾಮು. ಚೆಂಡನ್ನು ಎರಡು ಕಂಬಗಳ ನಡುವೆ ದಾಟಿಸಿದರೆ ಒಂದು ಗೋಲು. ಗೋಲಾದಾಗಲೆಲ್ಲ ಎರಡು ತಂಡಗಳೂ ದಿಕ್ಕು ಬದಲಿಸಬೇಕು, ಇದರಿಂದ ನನ್ನಂಥವರಿಗೆ ತಲೆ ಕೆಡುತ್ತದೆ. ಒಂದು ಸುತ್ತು ಏಳೇಳೂವರೆ ನಿಮಿಷ, ಅದಕ್ಕೆ ಚಕ್ಕರ್ ಅನ್ನುತ್ತಾರೆ. ಶಾಲೆಗೆ ಹಾಕುವ ಚಕ್ಕರ್ ಬೇರೆ! ಸುತ್ತು ಮುಗಿದ ಮೇಲೆ ಕುದುರೆಗೆ ದಣಿವಾಗಿರುತ್ತದೆಂದು ಬೇರೆ ಕುದುರೆ ಹತ್ತುತ್ತಾರೆ. ಎಲ್ಲಕ್ಕಿಂತ ದೊಡ್ಡ ನಿಯಮವೆಂದರೆ ಚೆಂಡು ಹೋಗುತ್ತಿರುವ ದಾರಿಯಲ್ಲಿ ಮೊದಲು ಬಂದವರಿಗೆ ಅಡ್ಡ ಹೋಗಬಾರದು. ಪಕ್ಕದಿಂದ ಬಂದು ಭುಜಕ್ಕೆ ಭುಜ ಕೊಟ್ಟು ತಳ್ಳಬಹುದು, ಎದುರಿಗೆ ನುಗ್ಗುವ ಹಾಗಿಲ್ಲ. ನಿಯಮ ಮಾಡಿರುವುದು ಮನುಷ್ಯರ ಪ್ರಾಣಕ್ಕಾಗಿ, ಅದಕ್ಕಿಂತ ಹೆಚ್ಚಾಗಿ ಕುದುರೆಯ ಕಾಲಿಗಾಗಿ. ಕಾಲು ಮುರಿದ ಕುದುರೆ ಮತ್ತೆ ಏಳುವುದು ಅಪರೂಪ.

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, ಇಚೆ ನನಗೆ ಹೇಳಿದ ಒಂದು ಮಾತು ಅರ್ಥವಾಗಬೇಕಾದರೆ ಇದು ಬೇಕು. "ಅಮೆರಿಕಾದವರು ಕುದುರೆ ಎಲ್ಲಿಂದ ತಂದರು?" ಅಂತ ನಾನು ಪೆದ್ದುಪೆದ್ದಾಗಿ ಕೇಳಿದೆ. ಅವರು ಕಡಲೆ ಬಾಯಿಗೆ ಹಾಕಿಕೊಳ್ಳುತ್ತ, "ತರುವುದೇನು? ನಮ್ಮದೇ. ನಾವೇ ಕೊಟ್ಟಿದ್ದು" ಅಂದರು.

ದೂರದ ದೇಶದಿಂದ ಬರುವವರು ಸಮುದ್ರ ದಾಟಿಸಿ ಕುದುರೆ ತರಲಾಗುತ್ತದೆಯೇ? ಇಂಥ ಸ್ನೇಹದ ಪಂದ್ಯಗಳಲ್ಲಿ ಆತಿಥೇಯರೇ ಕುದುರೆ ಕೊಡುತ್ತಾರೆ. ಒಳ್ಳೆಯದೆಲ್ಲ ತಮಗೆ, ಮುದಿಯವೆಲ್ಲ ಅತಿಥಿಗಳಿಗೆ ಅನ್ನುವ ಹಾಗಿಲ್ಲ. ಎರಡು ತಂಡಕ್ಕೂ ಸಮನಾಗಿ ಬರುವಂತೆ ಹಂಚುತ್ತಾರೆ, ಎಷ್ಟೋ ಕಡೆ ಚೀಟಿ ಎತ್ತುತ್ತಾರೆ. ಅಂದರೆ ತಾನು ಸಾಕಿ, ಹುಲ್ಲು ಹಾಕಿ, ಮೈ ಉಜ್ಜಿ ಬೆಳೆಸಿದ ಕುದುರೆಯನ್ನು ತನ್ನನ್ನೇ ಸೋಲಿಸಲು ಬಂದವಳ ಕೈಗೆ ಕೊಡಬೇಕು. ಆಮೇಲೆ ಮೈದಾನದಲ್ಲಿ ಅದೇ ಕುದುರೆಯ ಭುಜಕ್ಕೆ ತನ್ನ ಕುದುರೆಯ ಭುಜ ಕೊಟ್ಟು ತಳ್ಳಬೇಕು. ನಾವು ಪಕ್ಕದ ಮನೆಯವರಿಗೆ ಇಡ್ಲಿ ಪಾತ್ರೆ ಕೊಡುವಾಗಲೂ ಎರಡು ಸಲ ಯೋಚನೆ ಮಾಡುತ್ತೇವೆ. ವಾಪಸು ಬಂದಾಗ ತಟ್ಟೆ ಎಣಿಸುತ್ತೇವೆ. ಸುಳ್ಳೇ?

ಅಂದಿನ ಆಟದಲ್ಲಿ ನನ್ನ ಕಣ್ಣು ಒಂದು ಕಂದು ಬಣ್ಣದ ತಟ್ಟುವಿನ ಮೇಲೇ ನೆಟ್ಟಿತ್ತು. ಮೇಲೆ ಕೂತವಳು ಅಮೆರಿಕಾದ ಹುಡುಗಿ. ಮೈದಾನದ ಅಂಚಿನಲ್ಲಿ ಒಬ್ಬ ಮಣಿಪುರಿ ಹುಡುಗಿ, ತನ್ನ ಸರದಿ ಇನ್ನೂ ಬಂದಿಲ್ಲ, ಆ ಕುದುರೆ ಓಡಿದ ಕಡೆಗೆಲ್ಲ ತಾನೂ ಅತ್ತಿತ್ತ ಹೆಜ್ಜೆ ಹಾಕುತ್ತಿದ್ದಳು. ಗೋಲು ಯಾರು ಹೊಡೆದರೂ ಅವಳ ಮುಖ ಬದಲಾಗಲಿಲ್ಲ. ಕುದುರೆ ಒಂದು ಸಲ ಮುಗ್ಗರಿಸಿದಾಗ ಮಾತ್ರ ಎರಡು ಕೈಯನ್ನೂ ಬಾಯಿಗೆ ಒತ್ತಿಕೊಂಡಳು. ಮಗುವನ್ನು ಮೊದಲ ದಿನ ಶಾಲೆಗೆ ಬಿಟ್ಟು ಗೇಟಿನ ಹೊರಗೆ ನಿಲ್ಲುವ ತಾಯಿಯ ಹಾಗೆ ಕಂಡಳು ನನಗೆ.

ತವರಿಗೆ ಬಂದ ಆಟ

ಪೋಲೋ ಇಂಗ್ಲಿಷರ ಆಟ ಅಂತ ತಾನೇ ನಾವೆಲ್ಲ ತಿಳಿದಿರುವುದು? ಅವರಿಗೆ ಅದನ್ನು ಕಲಿಸಿದ್ದೇ ಮಣಿಪುರದವರು. ಅಲ್ಲಿ ಅದಕ್ಕೆ ಸಗೋಲ್ ಕಾಂಗ್ಜೈ ಅನ್ನುತ್ತಾರೆ. ಸಗೋಲ್ ಅಂದರೆ ಕುದುರೆ, ಕಾಂಗ್ಜೈ ಅಂದರೆ ಕೋಲು-ಚೆಂಡಿನಾಟ. ಹಳೆಯ ಪದ್ಧತಿಯಲ್ಲಿ ಒಂದು ಕಡೆಗೆ ಏಳು ಜನ. ಗೋಲಿನ ಕಂಬಗಳೇ ಇಲ್ಲ, ಎದುರಾಳಿಯ ಕಡೆಯ ಗೆರೆ ದಾಟಿಸಿದರೆ ಸಾಕು. ಚೆಂಡು ಬಿದಿರಿನ ಬೇರಿನದು. ಗಾಳಿಯಲ್ಲಿ ಬಂದ ಚೆಂಡನ್ನು ಕೈಯಲ್ಲಿ ಹಿಡಿದು ಓಡಲೂಬಹುದು, ಆದರೆ ಗೆರೆ ದಾಟಿಸುವಾಗ ಕೋಲಿನಿಂದಲೇ ಹೊಡೆಯಬೇಕು. ಆಟಗಾರರು ಪಂಚೆ ಕಟ್ಟಿ, ತಲೆಗೆ ರುಮಾಲು ಸುತ್ತಿ, ಬರಿಗಾಲಿನಲ್ಲಿ ಆಡುತ್ತಾರೆ. ಕುದುರೆಗೆ ಪೆಟ್ಟು ಬೀಳದಿರಲೆಂದು ಮೈಮೇಲೆ ಅಲ್ಲಲ್ಲಿ ದಪ್ಪ ಕುಚ್ಚುಗಳನ್ನು ಕಟ್ಟುತ್ತಾರೆ. ನೋಡುವುದಕ್ಕೂ ಚೆಂದ, ಮರ್ಮಸ್ಥಾನಕ್ಕೂ ರಕ್ಷೆ.

ಈ ಆಟಕ್ಕೆ ದೇವರೂ ಇದ್ದಾನೆ. ಹೆಸರು ಮಾರ್ಜಿಂಗ್. ಊರ ಹೊರಗೆ ಹೈಂಗಾಂಗ್ ಗುಡ್ಡದ ಮೇಲೆ ಅವನ ಗುಡಿ. ಅವನ ಕುದುರೆಗೆ ರೆಕ್ಕೆಯಿತ್ತಂತೆ. ಭಕ್ತರು ಅಲ್ಲಿ ಕುದುರೆಯ ಪುಟ್ಟ ಬೊಂಬೆಗಳನ್ನು ಒಪ್ಪಿಸುತ್ತಾರೆ. ನಮ್ಮ ಹಳ್ಳಿಗಳಲ್ಲಿ ಕೆಲವು ಗ್ರಾಮದೇವತೆಗಳಿಗೆ ಮಣ್ಣಿನ ಕುದುರೆ ಒಪ್ಪಿಸುವುದುಂಟಲ್ಲ, ಅದು ನೆನಪಾಯಿತು.

ಇಂಗ್ಲಿಷರ ಕೈಗೆ ಆಟ ಸಿಕ್ಕ ಕಥೆ ಒಂದು ದುಃಖದಿಂದ ಶುರುವಾಗುತ್ತದೆ. 1819ರಿಂದ ಏಳು ವರ್ಷ ಬರ್ಮಾದವರು ಮಣಿಪುರವನ್ನು ಹಾಳುಗೆಡವಿದರು. ಊರು ಬಿಟ್ಟು ಓಡಿದ ಮಣಿಪುರಿಗಳು ಪಕ್ಕದ ಕಾಛಾರ್ ಸೀಮೆಯಲ್ಲಿ ನೆಲೆಸಿದರು. ಹೋಗುವಾಗ ಆಟವನ್ನೂ ಜೊತೆಗೆ ಕೊಂಡೊಯ್ದರು. ನಂತರ ಅಲ್ಲಿಗೆ ಬಂದ ಇಂಗ್ಲಿಷ್ ಅಧಿಕಾರಿಗಳೂ ಚಹಾ ತೋಟದವರೂ ಅದನ್ನು ಕಂಡು ಮರುಳಾದರು. ಜೋಸೆಫ್ ಶೆರರ್ ಎಂಬ ಅಧಿಕಾರಿ ಮತ್ತು ಅವನ ಜೊತೆಗಾರರು 1859ರಲ್ಲಿ ಸಿಲ್ಚಾರಿನಲ್ಲಿ ಪೋಲೋ ಕ್ಲಬ್ಬು ಕಟ್ಟಿದರು. 1862ರಲ್ಲಿ ಕಲ್ಕತ್ತಾದಲ್ಲಿ ಕ್ಲಬ್ಬಾಯಿತು. 1869ರ ಹೊತ್ತಿಗೆ ಆಟ ಇಂಗ್ಲೆಂಡಿಗೆ ಹೋಯಿತು, 1876ರಲ್ಲಿ ಅಮೆರಿಕಾಕ್ಕೆ. ಅಂದರೆ 2016ರಲ್ಲಿ ಆ ಹುಡುಗಿಯರು ಇಂಫಾಲಕ್ಕೆ ಬಂದಾಗ, ಮದುವೆಯಾಗಿ ದೂರ ದೇಶಕ್ಕೆ ಹೋದ ಮಗಳ ಮರಿಮೊಮ್ಮಕ್ಕಳು 140 ವರ್ಷದ ಮೇಲೆ ತವರು ಹುಡುಕಿಕೊಂಡು ಬಂದ ಹಾಗಾಯಿತು. ಅಷ್ಟರಲ್ಲಿ ಮಾತು ಬೇರೆ, ಬಟ್ಟೆ ಬೇರೆ, ಆಟದ ಹೆಸರೂ ಬೇರೆ. ಪೋಲೋ ಎನ್ನುವ ಮಾತು ಲಡಾಖಿನ ಆಚೆಯ ಬಾಲ್ಟಿ ಜನರದು, ಪುಲು ಅಂದರೆ ಚೆಂಡು.

ಆದರೆ ಜೊತೆಯಲ್ಲಿ ಆಡಿದ ಮಾತ್ರಕ್ಕೆ ಸ್ನೇಹ ಉಳಿಯುತ್ತದೆ ಅನ್ನುವಂತಿಲ್ಲ. ಅದಕ್ಕೂ ಆ ಜಾಗವೇ ಸಾಕ್ಷಿ. ಎಥೆಲ್ ಗ್ರಿಮ್‌ವುಡ್ ಎಂಬ ಇಂಗ್ಲಿಷ್ ಹೆಂಗಸು, ಅಲ್ಲಿಯ ಪೊಲಿಟಿಕಲ್ ಏಜೆಂಟನ ಹೆಂಡತಿ, ಮಣಿಪುರದಲ್ಲಿ ಕಳೆದ ಮೂರು ವರ್ಷಗಳ ಬಗ್ಗೆ 1891ರಲ್ಲೇ ಒಂದು ಪುಸ್ತಕ ಬರೆದಳು. ಅವಳ ಗಂಡ ಮಣಿಪುರದ ರಾಜಕುಮಾರರ ಜೊತೆ ಪೋಲೋ ಆಡುತ್ತಿದ್ದ. ರಾಜಕುಮಾರರಲ್ಲಿ ಟಿಕೇಂದ್ರಜಿತ್ ಎಂಬಾತ ಭಾರೀ ಆಟಗಾರ. ಇಬ್ಬರಿಗೂ ಒಳ್ಳೆಯ ಒಡನಾಟ. ಅಂಥವರ ನಡುವೆ ಸರ್ಕಾರದ ಹುಕುಂ ಬಂತು, ಟಿಕೇಂದ್ರಜಿತ್ ಅವರನ್ನು ಹಿಡಿಯಬೇಕೆಂದು. 1891ರ ಮಾರ್ಚಿಯಲ್ಲಿ ಹೊಡೆದಾಟವಾಗಿ ಗ್ರಿಮ್‌ವುಡ್ ಸತ್ತ. ಎಥೆಲ್ ಸಿಪಾಯಿಗಳ ಜೊತೆ ರಾತ್ರೋರಾತ್ರಿ ಬೆಟ್ಟಗಾಡಿನಲ್ಲಿ ನಡೆದು ಪಾರಾದಳು. ಆಗಸ್ಟ್ 13ರಂದು ಇಂಗ್ಲಿಷರು ಟಿಕೇಂದ್ರಜಿತ್ ಅವರನ್ನು ಬಹಿರಂಗವಾಗಿ ಗಲ್ಲಿಗೇರಿಸಿದರು. ಅಂದು ಸಾವಿರಾರು ಹೆಂಗಸರು ಬಂದು ನೆರೆದಿದ್ದರೆಂದು ಅಲ್ಲಿಯವರು ಈಗಲೂ ಹೇಳುತ್ತಾರೆ. ಅವರ ಹೆಸರಿನ ಉದ್ಯಾನ, ಹುತಾತ್ಮರ ಸ್ತಂಭ ಎಲ್ಲ ಪೋಲೋ ಮೈದಾನದ ಮಗ್ಗುಲಲ್ಲೇ ಇವೆ. ನಾವು ಕೂತಲ್ಲಿಂದ ಇಚೆ ಕೈ ತೋರಿಸಿ ಇದನ್ನೆಲ್ಲ ಹೇಳಿದರು. ಹೇಳುತ್ತಲೇ ಅಮೆರಿಕಾದ ಹುಡುಗಿ ಒಂದು ಒಳ್ಳೆಯ ಹೊಡೆತ ಹೊಡೆದದ್ದಕ್ಕೆ ಚಪ್ಪಾಳೆಯನ್ನೂ ತಟ್ಟಿದರು.

ಯಾರ ಕುದುರೆ, ಎಲ್ಲಿಯ ಹುಲ್ಲು

ಬೇರೆ ಊರುಗಳಲ್ಲಿ ಪೋಲೋ ಆಡುವುದು ದುಡ್ಡಿದ್ದವರು, ಇಲ್ಲವೇ ಸೈನ್ಯದವರು. ಮಣಿಪುರದಲ್ಲಿ ಹಾಗಲ್ಲ. ರೈತರ ಮಕ್ಕಳು, ಸಂತೆಯಲ್ಲಿ ಕೂರುವ ತಾಯಂದಿರ ಮಕ್ಕಳು ಆಡುತ್ತಾರೆ. ನಮ್ಮ ದೇಶದಲ್ಲಿ ಪೋಲೋ ಆಡುವ ಹೆಂಗಸರಲ್ಲಿ ಬಹುಪಾಲು ಅಲ್ಲಿಯವರೇ. ಸ್ವಂತ ಕುದುರೆ ಇರುವ ಹುಡುಗಿಯರು ಕಡಿಮೆ, ಕ್ಲಬ್ಬಿನದೋ ಬೇರೆ ಯಾರದೋ ಕುದುರೆ. ಬೆಳಗಿನ ಜಾವ ಹೋಗಿ ಅಭ್ಯಾಸ ಮಾಡಿ, ಬಂದು ಮನೆಗೆಲಸ, ಓದು. "ಮದುವೆಯಾದ ಮೇಲೆ?" ಅಂತ ಕೇಳಿದೆ. ಇಚೆ ನಕ್ಕರು. "ಅತ್ತೆ ಒಳ್ಳೆಯವಳಾದರೆ ಆಡುತ್ತಾಳೆ" ಅಂದರು. ಈ ಒಂದು ವಿಷಯದಲ್ಲಿ ಇಂಫಾಲಕ್ಕೂ ನಮ್ಮೂರಿಗೂ ಏನೂ ವ್ಯತ್ಯಾಸ ಕಾಣಲಿಲ್ಲ ನನಗೆ. ಈ ಹುಡುಗಿಯರ ಬಗ್ಗೆ ರೂಪಾ ಬರುವಾ ಎನ್ನುವವರು ಒಂದು ಸಾಕ್ಷ್ಯಚಿತ್ರವನ್ನೂ ಮಾಡಿದ್ದಾರೆ.

ಕುದುರೆಗಳದೇ ದೊಡ್ಡ ಚಿಂತೆ. 2003ರ ಜಾನುವಾರು ಗಣತಿಯಲ್ಲಿ ಮಣಿಪುರದ ತಟ್ಟುಗಳು ಸುಮಾರು 1,900 ಇದ್ದವು. 2012ರ ಹೊತ್ತಿಗೆ 1,100ಕ್ಕೆ ಇಳಿದವು, 2019ರ ಗಣತಿಯಲ್ಲೂ ಹೆಚ್ಚೂಕಡಿಮೆ ಅಷ್ಟೇ. 2013ರಲ್ಲಿ ರಾಜ್ಯ ಸರ್ಕಾರವೇ ಇದು ಅಳಿವಿನ ಅಂಚಿನ ತಳಿ ಎಂದು ಸಾರಿತು. 2016ರಲ್ಲಿ ಅದನ್ನು ಉಳಿಸುವುದಕ್ಕೆಂದು ಒಂದು ನೀತಿಯನ್ನೂ ಮಾಡಿತು. ಕಾರಣವೇನು ಅಂತೀರಿ? ಈ ಕುದುರೆಗಳು ಲಾಯದಲ್ಲಿ ಹುರುಳಿ ತಿಂದು ಬೆಳೆಯುವಂಥವಲ್ಲ. ಊರ ಸುತ್ತಲಿನ ಜೌಗು ನೆಲದಲ್ಲಿ, ಕೆರೆಯಂಚಿನಲ್ಲಿ ಸ್ವತಂತ್ರವಾಗಿ ಮೇಯುವಂಥವು. ಇಂಫಾಲ ಬೆಳೆಯಿತು, ಜೌಗು ನೆಲಕ್ಕೆ ಮಣ್ಣು ತುಂಬಿ ಕಚೇರಿ, ಮನೆ, ರಸ್ತೆ ಮಾಡಿದರು. ಮೇಯಲು ಜಾಗವಿಲ್ಲದೆ ಕುದುರೆಗಳು ಬೀದಿಗೆ ಬಂದವು. ಕಸದ ರಾಶಿಯಲ್ಲಿ ಮುಖವಿಟ್ಟು ಪ್ಲಾಸ್ಟಿಕ್ಕು ತಿನ್ನುವುದು, ಲಾರಿಗೆ ಸಿಕ್ಕುವುದು. ಸಂತೆಗೆ ಹೋದಾಗ ಒಂದು ಬಿಳೀ ಕುದುರೆ ಎಲೆಕೋಸಿನ ಸಿಪ್ಪೆ ತಿನ್ನುತ್ತ ನಿಂತಿದ್ದನ್ನು ನಾನೂ ನೋಡಿದೆ. ನಮ್ಮೂರಿನ ಬೀದಿ ದನಗಳನ್ನು ನೆನೆದುಕೊಂಡು ಸುಮ್ಮನಾದೆ.

2023ರ ಜನವರಿಯಲ್ಲಿ ಮಾರ್ಜಿಂಗ್ ದೇವರ ಗುಡ್ಡದ ಬಳಿ ಪೋಲೋ ಆಟಗಾರನ ಪ್ರತಿಮೆ ನಿಲ್ಲಿಸಿದರು, ಎತ್ತರ ಸುಮಾರು 120 ಅಡಿ. ನಿಲ್ಲಿಸಲಿ, ಬೇಡವೆನ್ನುವುದಿಲ್ಲ. ಆದರೆ ನಾಲ್ಕಡಿಯ ಕುದುರೆಗೆ ಬೇಕಾದದ್ದು ಹುಲ್ಲು.

ಪಂದ್ಯದಿಂದ ಬಂದ ರಾತ್ರಿ ತಂಗಿ ಅಲ್ಲಿಯ ಕಪ್ಪಕ್ಕಿಯ ಪಾಯಸ ಮಾಡಿದ್ದಳು. ಇದನ್ನು ಬರೆಯದಿದ್ದರೆ ನೀವು ನನ್ನನ್ನು ಕ್ಷಮಿಸಲಾರಿರಿ. ಚಕ್‌ಹಾವ್ ಎಂದು ಆ ಅಕ್ಕಿಯ ಹೆಸರು. ಒಂದು ಲೋಟ ಅಕ್ಕಿಯನ್ನು ಹಿಂದಿನ ರಾತ್ರಿಯೇ ನೆನೆಹಾಕಿ, ಮರುದಿನ ನೀರಿನಲ್ಲಿ ಮುಕ್ಕಾಲು ಬೇಯಿಸಿ, ಆಮೇಲೆ ಒಂದು ಲೀಟರ್ ಹಾಲು ಹಾಕಿ ಸಣ್ಣ ಉರಿಯಲ್ಲಿ ಕೈಬಿಡದೆ ಕಲಕಬೇಕು. ಬೇಗ ಬೇಯುವ ಜಾತಿಯಲ್ಲ, ತಾಳ್ಮೆ ಬೇಕು. ಅಕ್ಕಿ ಮೆತ್ತಗಾದ ಮೇಲೆಯೇ ಸಕ್ಕರೆ, ಇಲ್ಲದಿದ್ದರೆ ಕಾಳು ಗಟ್ಟಿಯಾಗುತ್ತದೆ. ಏಲಕ್ಕಿ, ಪಲಾವಿನ ಎಲೆ ಒಂದು. ಹಾಲೆಲ್ಲ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಇಚೆಯ ಮನೆಗೆ ಒಂದು ಡಬ್ಬಿ ಕೊಟ್ಟುಬಂದೆವು. ಅವರ ಅಕ್ಕಿಯ ಪಾಯಸ ಅವರಿಗೇ! ತಿಂದು, "ತೆಂಗಿನಕಾಯಿ ಹಾಕಿದ್ದೀರಾ?" ಅಂದರು. ತಂಗಿ ಹಾಕಿದ್ದಳು. ಅವಳು ನಮ್ಮೂರ ಹುಡುಗಿಯಲ್ಲವೇ!

ಮುಂದಿನ ವರ್ಷಗಳಲ್ಲೂ ಅಮೆರಿಕಾದವರು ಇಂಫಾಲಕ್ಕೆ ಬಂದು ಆಡಿದರು, ಬೇರೆ ದೇಶದ ಹೆಂಗಸರೂ ಬಂದರು. ತಂಗಿಯ ಯಜಮಾನರಿಗೆ ವರ್ಗವಾಗಿ ಅವರು ಆ ಊರು ಬಿಟ್ಟರು. ಇಚೆಯ ಫೋನು ಮಾತ್ರ ಹಬ್ಬಕ್ಕೊಂದು ಹುಣ್ಣಿಮೆಗೊಂದು ಬರುತ್ತಿತ್ತು. 2023ರ ಮೇ 3ರಂದು ಮಣಿಪುರಕ್ಕೆ ಬೆಂಕಿ ಬಿತ್ತು. ಮೈತೇಯಿ ಜನಕ್ಕೂ ಬೆಟ್ಟದ ಕುಕಿ ಜನಕ್ಕೂ ನಡೆದ ಆ ಹಿಂಸೆಯಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು, ಹತ್ತಾರು ಸಾವಿರ ಜನ ಮನೆ ಬಿಟ್ಟರು. ಸಮುದ್ರದಾಚೆಯವರಿಗೆ ಕುದುರೆ ಕೊಟ್ಟ ನಾಡಿನಲ್ಲಿ ಪಕ್ಕದ ಹಳ್ಳಿಯವರು ಒಬ್ಬರನ್ನೊಬ್ಬರು ನೋಡದ ಹಾಗಾಯಿತು. ಇಂಟರ್ನೆಟ್ಟು ತಿಂಗಳುಗಟ್ಟಲೆ ಇರಲಿಲ್ಲ. ತಂಗಿ ದಿನಾ ಫೋನು ಮಾಡಿ ಮಾಡಿ, ಕೊನೆಗೊಂದು ದಿನ ಇಚೆ ಸಿಕ್ಕರು. ಕ್ಷೇಮವಾಗಿದ್ದರು. "ರಾತ್ರಿಯೆಲ್ಲ ಹೆಂಗಸರು ಬೀದಿ ಕಾಯುತ್ತೇವೆ" ಅಂದರಂತೆ. ಗುಡ್ಡದ ಕಡೆ ಅವರಿಗೊಬ್ಬ ಗೆಳತಿಯಿದ್ದಳು, ಕುಕಿ ಹೆಂಗಸು, ಸಂತೆಯಲ್ಲಿ ಪಕ್ಕದಲ್ಲೇ ಕೂತು ಶುಂಠಿ ಮಾರುತ್ತಿದ್ದವಳು. ಅವಳ ಸುದ್ದಿ ಕೇಳಿದ್ದಕ್ಕೆ ಬಹಳ ಹೊತ್ತು ಮಾತಾಡಲಿಲ್ಲವಂತೆ.

ಅವತ್ತಿನ ಪಂದ್ಯದಲ್ಲಿ ಗೆದ್ದವರು ಯಾರು ಅಂತ ನಮ್ಮ ಮನೆಯವರು ಊರಿಗೆ ಬಂದ ಮೇಲೂ ಕೇಳುತ್ತಿದ್ದರು. ದಿಕ್ಕು ಬದಲಿಸಿ ಬದಲಿಸಿ ಆಡುವ ಆಟದಲ್ಲಿ ನನಗೆ ಲೆಕ್ಕ ತಪ್ಪಿಹೋಗಿತ್ತು. ನನಗೆ ನೆನಪಿರುವುದು ಆಟ ಮುಗಿದ ಮೇಲಿನದು. ಜನವರಿಯಲ್ಲಿ ಅಲ್ಲಿ ಐದಕ್ಕೆಲ್ಲ ಕತ್ತಲು. ಚಳಿ ಇಳಿಯುತ್ತಿತ್ತು. ಅಮೆರಿಕಾದ ಹುಡುಗಿ ಕಂದು ಕುದುರೆಯಿಂದ ಇಳಿದಳು. ಫೋಟೋದವರು ಕರೆಯುತ್ತಿದ್ದರೂ ಹೋಗದೆ ನೆಲಕ್ಕೆ ಕೂತು, ಕುದುರೆಯ ನಾಲ್ಕು ಕಾಲನ್ನೂ ಮೊಣಕಾಲಿನಿಂದ ಗೊರಸಿನವರೆಗೆ ಒಂದೊಂದಾಗಿ ಕೈಯಾಡಿಸಿ ನೋಡಿದಳು. ಅಂಚಿನಲ್ಲಿ ನಿಂತಿದ್ದ ಹುಡುಗಿಯೂ ಬಂದು ಆಚೆ ಕಡೆಯಿಂದ ಅದೇ ಕಾಲುಗಳನ್ನು ಮುಟ್ಟಿ ನೋಡಿದಳು. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬಾರದು. ಇವಳು ತಲೆಯಾಡಿಸಿದಳು, ಅವಳೂ ತಲೆಯಾಡಿಸಿದಳು. ಜೀನು ಬಿಚ್ಚಿ, ಬೆನ್ನಿನ ಮೇಲೆ ಒಂದು ಹಳೆಯ ಕಂಬಳಿ ಹಾಕಿದರು. ಆಮೇಲೆ ಮಣಿಪುರಿ ಹುಡುಗಿ ಹಗ್ಗ ಹಿಡಿದು, ದೀಪ ಹಚ್ಚಿಕೊಂಡು ಬರುತ್ತಿದ್ದ ಆಟೋಗಳಿಗೆ ಕೈ ಅಡ್ಡ ತೋರಿಸಿ, ಕುದುರೆಯನ್ನು ರಸ್ತೆ ದಾಟಿಸಿಕೊಂಡು ಹೋದಳು. ಮನೆಗೆ ಹೋಗಿ ಅವಳೇ ಅನ್ನಕ್ಕಿಡಬೇಕಂತೆ, ಇಚೆ ಹೇಳಿದರು.